ಟಿಕ್ ಗುರುತಿನ ಸಾಕ್ಷರತೆ

ಕಾಲೇಜು ವಿದ್ಯಾರ್ಥಿಗಳ ಮಾಹಿತಿ ಸಾಕ್ಷರತೆಯ ಬಗ್ಗೆ, ಅಂದರೆ ಮಾಹಿತಿಯನ್ನು ಹುಡುಕಿ ತೂಗಿ ನೋಡುವ ಕೌಶಲದ ಬಗ್ಗೆ, ನಮ್ಮಲ್ಲಿ ಎರಡು ಮಾತು ಚಾಲ್ತಿಯಲ್ಲಿವೆ. ವಾರ್ಷಿಕೋತ್ಸವದ ವೇದಿಕೆಯಲ್ಲಿ ಕೇಳಿಬರುವುದು ಒಂದು: ಈಗಿನ ಮಕ್ಕಳಿಗೆ ಪ್ರಪಂಚವೇ ಬೆರಳ ತುದಿಯಲ್ಲಿದೆ, ನಾವೇ ಅವರಿಂದ ಕಲಿಯಬೇಕು. ಸ್ಟಾಫ್ ರೂಮಿನಲ್ಲಿ ಕೇಳಿಬರುವುದು ಇನ್ನೊಂದು: ಈಗಿನ ಮಕ್ಕಳಿಗೆ ಏನೂ ಗೊತ್ತಿಲ್ಲ, ಲೈಬ್ರರಿಯ ಮೆಟ್ಟಿಲು ಹತ್ತುವುದಿಲ್ಲ, ಅದರಲ್ಲೂ ಹಳ್ಳಿಯಿಂದ ಬಂದ ಕನ್ನಡ ಮಾಧ್ಯಮದವರ ಪಾಡು ಕೇಳುವುದೇ ಬೇಡ. ಬೆಳಿಗ್ಗೆ ಮೊದಲನೆಯದನ್ನು ಹೇಳಿದವರೇ ಮಧ್ಯಾಹ್ನ ಎರಡನೆಯದನ್ನು ಹೇಳುವುದೂ ಉಂಟು. ರೋಗದ ಬಗ್ಗೆ ಇಷ್ಟು ಗೊಂದಲವಿದ್ದರೂ ಮದ್ದಿನ ಬಗ್ಗೆ ಮಾತ್ರ ಎಲ್ಲರಿಗೂ ಒಮ್ಮತ. ಒಂದು ಪ್ರಶ್ನಾವಳಿ ಹಂಚಿ ಸಮೀಕ್ಷೆ ಮಾಡುವುದು, ಮೊದಲ ಸೆಮಿಸ್ಟರಿನಲ್ಲಿ ಒಂದು ಗಂಟೆಯ ಲೈಬ್ರರಿ ಓರಿಯೆಂಟೇಶನ್ ಕೊಡುವುದು. ಅಲ್ಲಿಗೆ ಅಳತೆಯೂ ಆಯಿತು, ಬೋಧನೆಯೂ ಆಯಿತು.

ಎರಡೂ ಆಗಿಲ್ಲ ಎಂಬುದು ನನ್ನ ವಾದ. ಅದಕ್ಕೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳಿಗಿಂತ ಒಳ್ಳೆಯ ನೆಲ ಬೇರೆ ಬೇಡ. ದಕ್ಷಿಣ ಕನ್ನಡದಲ್ಲಿ ಒತ್ತೊತ್ತಿಗಿರುವ ಈ ಮೂರು ತಾಲೂಕುಗಳಲ್ಲಿ ಎಲ್ಲ ಬಗೆಯ ಕಾಲೇಜುಗಳೂ ಇವೆ. ಬಂಟ್ವಾಳದ ಎಸ್‌ವಿಎಸ್, ಉಜಿರೆಯ ಎಸ್‌ಡಿಎಂ, ಮೂಡುಬಿದಿರೆಯ ಮಹಾವೀರ, ಧವಲಾ, ಆಳ್ವಾಸ್, ಇವುಗಳ ಜತೆಗೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು. ಮಕ್ಕಳು ಬರುವುದು ಅಡಿಕೆ ತೋಟದ ಮನೆಗಳಿಂದ, ಬೀಡಿ ಕಟ್ಟುವ ಮನೆಗಳಿಂದ, ಗಲ್ಫಿನ ದುಡ್ಡಿನಲ್ಲಿ ಎದ್ದ ಮನೆಗಳಿಂದ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಡಿಗ್ರಿಯಲ್ಲಿ ಇಂಗ್ಲಿಷ್.

ಮೊದಲು ಆ ಪ್ರಶ್ನಾವಳಿಯನ್ನೇ ಕೈಗೆ ತೆಗೆದುಕೊಳ್ಳಿ. ನಮ್ಮ ಗ್ರಂಥಾಲಯ ವಿಜ್ಞಾನದ ಪ್ರಬಂಧಗಳಲ್ಲಿ ಅದರ ರೂಪ ಹೆಚ್ಚುಕಡಿಮೆ ಒಂದೇ. 'ನಿಮಗೆ ಬೇಕಾದ ಮಾಹಿತಿಯನ್ನು ಹುಡುಕಲು ನಿಮಗೆ ಎಷ್ಟರಮಟ್ಟಿಗೆ ಬರುತ್ತದೆ?' 'ಅಂತರ್ಜಾಲದ ಮಾಹಿತಿಯ ವಿಶ್ವಾಸಾರ್ಹತೆಯನ್ನು ನೀವು ಪರಿಶೀಲಿಸುತ್ತೀರಾ?' ಎದುರಿಗೆ ಐದು ಚೌಕ: ಅತ್ಯುತ್ತಮ, ಉತ್ತಮ, ಸಾಧಾರಣ, ಕಳಪೆ, ತೀರಾ ಕಳಪೆ. ಹಂಚುವವರು ಲೈಬ್ರೇರಿಯನ್ ಮೇಡಂ, ತುಂಬಿ ಕೊಡಬೇಕಾದದ್ದು ಅವರ ಕೈಗೇ. 'ನಾನು ಪರಿಶೀಲಿಸುವುದೇ ಇಲ್ಲ' ಎಂದು ಯಾವ ಹುಡುಗಿ ಬರೆದುಕೊಟ್ಟಾಳು? ಅವಳು ಟಿಕ್ ಹಾಕುವುದು 'ಉತ್ತಮ'ಕ್ಕೆ. ಇನ್ನೂರು ಮುನ್ನೂರು ಟಿಕ್‌ಗಳನ್ನು ಒಟ್ಟು ಮಾಡಿ, ಸರಾಸರಿ ತೆಗೆದು, ಹುಡುಗರಿಗೂ ಹುಡುಗಿಯರಿಗೂ ಗಮನಾರ್ಹ ವ್ಯತ್ಯಾಸ ಕಂಡುಬಂದಿಲ್ಲ ಎಂದು ಷರಾ ಬರೆಯುತ್ತೇವೆ. ಇಲ್ಲಿ ಅಳೆದದ್ದು ಕೌಶಲವನ್ನಲ್ಲ, ತನ್ನ ಬಗ್ಗೆ ತನಗಿರುವ ಅಭಿಪ್ರಾಯವನ್ನು. ಈಜು ಬರುತ್ತದೆಯೇ ಎಂದು ದಡದಲ್ಲಿ ನಿಲ್ಲಿಸಿ ಕೇಳಿ ಅಂಕ ಕೊಟ್ಟ ಹಾಗಾಯಿತು.

ಕೌಶಲಕ್ಕೂ ಈ ಅಭಿಪ್ರಾಯಕ್ಕೂ ನಡುವೆ ಎಷ್ಟು ದೂರವಿರಬಹುದು ಎಂಬುದು ಹೊಸ ಸಂಗತಿಯೇನಲ್ಲ. 1999ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಕ್ರೂಗರ್ ಮತ್ತು ಡನ್ನಿಂಗ್ ತರ್ಕ, ವ್ಯಾಕರಣಗಳಂಥ ವಿಷಯಗಳಲ್ಲಿ ವಿದ್ಯಾರ್ಥಿಗಳನ್ನು ಪರೀಕ್ಷಿಸಿದರು. ಅತಿ ಕೆಳಗಿನ ಕಾಲುಭಾಗದಲ್ಲಿದ್ದವರು ನಿಜದಲ್ಲಿ ನೂರಕ್ಕೆ 12ನೇ ಸ್ಥಾನದ ಆಸುಪಾಸಿನಲ್ಲಿದ್ದರು. ತಾವು 62ನೇ ಸ್ಥಾನದಲ್ಲಿದ್ದೇವೆ ಎಂದು ಅವರು ಅಂದುಕೊಂಡಿದ್ದರು. ಆ ಅಂಕಿಗಳನ್ನು ವ್ಯಾಖ್ಯಾನಿಸಿದ ರೀತಿಗೆ ಆಮೇಲೆ ತಕರಾರುಗಳು ಬಂದಿವೆ. ಆದರೂ ಒಬ್ಬನ ಕೌಶಲಕ್ಕೆ ಅವನ ಮಾತೇ ಸಾಕ್ಷಿಯಾಗಲಾರದು ಎಂಬ ಮೂಲ ಎಚ್ಚರಿಕೆ ಅದರಿಂದ ಬಿದ್ದುಹೋಗುವುದಿಲ್ಲ. ಇನ್ನೊಂದು ಸ್ವಾರಸ್ಯ ಕೇಳಿ. ನಮ್ಮ ಅನೇಕ ಪ್ರಶ್ನಾವಳಿಗಳ ಬೆನ್ನೆಲುಬು ಅಮೆರಿಕದ ಕಾಲೇಜು ಮತ್ತು ಸಂಶೋಧನಾ ಗ್ರಂಥಾಲಯಗಳ ಸಂಘ 2000ದಲ್ಲಿ ಹೊರಡಿಸಿದ ಮಾನದಂಡಗಳ ಪಟ್ಟಿ. ಮಾಹಿತಿಯ ಬಳಕೆ ಹೀಗೆ ಪಟ್ಟಿ ಮಾಡಿ ಟಿಕ್ ಹಾಕುವ ವಿಷಯವಲ್ಲ ಎಂದು ಮನಗಂಡ ಆ ಸಂಘ ಬೇರೊಂದು ಚೌಕಟ್ಟನ್ನು ರೂಪಿಸಿತು, 2016ರಲ್ಲಿ ಹಳೆಯ ಪಟ್ಟಿಯನ್ನು ಹಿಂತೆಗೆದುಕೊಂಡಿತು. ಮಾಡಿದವರೇ ಕೈಬಿಟ್ಟ ಅಳತೆಗೋಲನ್ನು ನಾವು ಇನ್ನೂ ಹಿಡಿದುಕೊಂಡಿದ್ದೇವೆ.

ಇನ್ನು ಬೋಧನೆಯ ವಿಚಾರ. ಓರಿಯೆಂಟೇಶನ್ ಎಂದರೆ ತರಗತಿಯನ್ನು ಸಾಲಾಗಿ ಕರೆದೊಯ್ದು ಇದು ರೆಫರೆನ್ಸ್ ವಿಭಾಗ, ಇದು ಪುಸ್ತಕ ಹುಡುಕುವ ಒಪ್ಯಾಕ್, ಇದು ಎನ್-ಲಿಸ್ಟ್ ಎಂದು ತೋರಿಸುವುದು. ಇನ್‌ಫ್ಲಿಬ್‌ನೆಟ್‌ನ ಎನ್-ಲಿಸ್ಟ್ ಯೋಜನೆಯಲ್ಲಿ ಕಾಲೇಜುಗಳಿಗೆ ಸಾವಿರಾರು ಇ-ಜರ್ನಲ್‌ಗಳು, ಲಕ್ಷಗಟ್ಟಲೆ ಇ-ಪುಸ್ತಕಗಳು ಸಿಗುತ್ತವೆ. ವಿದ್ಯಾರ್ಥಿಗಳು ಅದನ್ನು ಬಳಸುವುದಿಲ್ಲ. ಸಮೀಕ್ಷೆಗಳು ಇದಕ್ಕೆ ಕೊಡುವ ಕಾರಣ 'ಅರಿವಿನ ಕೊರತೆ', ಸೂಚಿಸುವ ಪರಿಹಾರ ಮತ್ತೊಂದು ಅರಿವು ಕಾರ್ಯಕ್ರಮ. ಕಾಲೇಜುಗಳಿಗೆ ಶ್ರೇಣಿ ಕೊಡುವ ನ್ಯಾಕ್‌ನ ನಮೂನೆಯೂ ದಿನಕ್ಕೆ ಎಷ್ಟು ಮಂದಿ ಲೈಬ್ರರಿ ಬಳಸಿದರು ಎಂದು ಕೇಳಿದೆಯೇ ಹೊರತು ಬಂದವರು ಏನನ್ನು ಹುಡುಕಿದರು ಎಂದು ಕೇಳಿಲ್ಲ.

ನನ್ನ ಪ್ರಶ್ನೆ ಬೇರೆ. ಇ-ಜರ್ನಲ್ ತೆರೆದು ನೋಡದೆ ಉತ್ತರಿಸಲಾಗದ ಯಾವ ಪ್ರಶ್ನೆಯನ್ನು ನಾವು ಬಿಎ, ಬಿಕಾಂ ಮಕ್ಕಳಿಗೆ ಕೊಟ್ಟಿದ್ದೇವೆ? ಅಸೈನ್‌ಮೆಂಟಿನ ವಿಷಯ 'ಜಾಗತಿಕ ತಾಪಮಾನ', 'ಮಹಿಳಾ ಸಬಲೀಕರಣ', 'ಜಿಎಸ್‌ಟಿಯ ಸಾಧಕ ಬಾಧಕಗಳು'. ಗೂಗಲ್‌ನ ಮೊದಲ ಪುಟದಿಂದ, ಈಗಂತೂ ಚಾಟ್‌ಜಿಪಿಟಿಯಿಂದ, ಹತ್ತು ನಿಮಿಷದಲ್ಲಿ ಮುಗಿಯುವ ಕೆಲಸ. ಉಳಿದದ್ದು ಬಿ.ಸಿ. ರೋಡಿನ ಯಾವುದೋ ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ, ಮುಖಪುಟಕ್ಕೆ ಬಣ್ಣದ ಹಾಳೆ ಹಾಕಿಸಿ, ಸ್ಪೈರಲ್ ಬೈಂಡ್ ಮಾಡಿಸುವುದು. ಅಂಕ ಬೀಳುವುದೂ ಹೆಚ್ಚಾಗಿ ಅದಕ್ಕೇ. ಹೀಗಿರುವಾಗ ಇ-ಜರ್ನಲ್ ಬಳಸದ ವಿದ್ಯಾರ್ಥಿಯ ತಪ್ಪೇನು? ಕೊಟ್ಟ ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಶ್ರಮ ಹಾಕುವ ಲೆಕ್ಕಾಚಾರ ಅವನಿಗೆ ಸರಿಯಾಗಿಯೇ ಬರುತ್ತದೆ. ರಾಷ್ಟ್ರೀಯ ಶಿಕ್ಷಣ ನೀತಿಯಡಿ 2021-22ರಲ್ಲಿ ಕರ್ನಾಟಕದ ಪದವಿ ಕಾಲೇಜುಗಳಿಗೆ ಬಂದ 'ಡಿಜಿಟಲ್ ಫ್ಲುಯೆನ್ಸಿ' ಪತ್ರಿಕೆಯೂ ಈ ಕೊರತೆಯನ್ನು ತುಂಬಲಿಲ್ಲ. ಅದು ಕೃತಕ ಬುದ್ಧಿಮತ್ತೆ, ಬಿಗ್ ಡೇಟಾ, ಕ್ಲೌಡ್ ಎಂದು ತಂತ್ರಜ್ಞಾನಗಳ ಹೆಸರು ಹೇಳಿಕೊಟ್ಟಿತು. ಎದುರಿಗಿರುವ ಒಂದು ಮಾತನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುವ ಕೆಲಸ ಅದರ ಪಠ್ಯದ ಕೇಂದ್ರದಲ್ಲಿ ಇರಲಿಲ್ಲ.

ಹಳ್ಳಿಯ ಕನ್ನಡ ಮಾಧ್ಯಮದ ಮಕ್ಕಳಿಗೆ ಇದು ಮೀರಿದ್ದು ಎಂಬ ಎರಡನೇ ಮಾತಿಗೆ ಬರೋಣ. ಬೆಳ್ತಂಗಡಿಯ ಅಡಿಕೆ ತೋಟದ ಮನೆಯ ಹುಡುಗನಿಗೆ 'ಅಡಿಕೆ ಧಾರಣೆ 60 ಸಾವಿರ' ಎಂಬ ಶೀರ್ಷಿಕೆ ತೋರಿಸಿ ನೋಡಿ. ಅವನು ಹಾರಿ ಬೀಳುವುದಿಲ್ಲ. ಅದು ಶಿವಮೊಗ್ಗ ಕಡೆಯ ರಾಶಿ ಅಡಿಕೆಯ ಕ್ವಿಂಟಲ್ ಲೆಕ್ಕ, ನಮ್ಮದು ಚಾಲಿ, ಇಲ್ಲಿ ಮಾತಾಡುವುದು ಕಿಲೋ ಲೆಕ್ಕದಲ್ಲಿ ಎನ್ನುತ್ತಾನೆ. ಹೊಸದೋ ಹಳೆಯದೋ ಎಂದು ಕೇಳುತ್ತಾನೆ. ಪಟೋರ, ಉಳ್ಳಿ, ಕರಿಗೋಟು ಎಂಬ ದರ್ಜೆಗಳಿಗೆ ದರ ಬೇರೆ ಎಂಬುದು ಅವನಿಗೆ ಗೊತ್ತು. ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ದರಕ್ಕೂ ಪೇಟೆಯ ವ್ಯಾಪಾರಿಯ ದರಕ್ಕೂ ಇರುವ ಅಂತರ ಗೊತ್ತು. ಸುದ್ದಿಯ ದಿನಾಂಕವನ್ನಂತೂ ಮೊದಲು ನೋಡುತ್ತಾನೆ. ಮೂಲ ಯಾವುದು, ಯಾವಾಗಿನದು, ಯಾವುದನ್ನು ಯಾವುದರ ಜತೆ ಹೋಲಿಸುತ್ತಿದ್ದಾರೆ, ಹೇಳುವವನಿಗೆ ಏನು ಲಾಭ: ಮಾಹಿತಿ ಸಾಕ್ಷರತೆಯ ಪಠ್ಯದಲ್ಲಿ ಇರುವುದೂ ಇದಿಷ್ಟೇ. ಅದೇ ಹುಡುಗ ಕಾಲೇಜಿನ ಗೇಟು ದಾಟಿದ ಕೂಡಲೇ ದಿನಾಂಕವಿಲ್ಲದ, ಲೇಖಕರಿಲ್ಲದ ಪುಟದಿಂದ ನಕಲು ಇಳಿಸುತ್ತಾನೆ. ಬುದ್ಧಿ ಕಡಿಮೆಯಾದದ್ದಲ್ಲ. ಅಡಿಕೆಯಲ್ಲಿ ತಪ್ಪಿದರೆ ಮನೆಗೆ ನಷ್ಟ, ಅಸೈನ್‌ಮೆಂಟಿನಲ್ಲಿ ತಪ್ಪಿದರೆ ಯಾರಿಗೂ ಏನೂ ಆಗುವುದಿಲ್ಲ. ಕೌಶಲ ಎಚ್ಚರಗೊಳ್ಳುವುದು ಉತ್ತರಕ್ಕೆ ಬೆಲೆಯಿದ್ದಾಗ.

ಹಾಗಾದರೆ ಬೆಲೆಯಿರುವ ಪ್ರಶ್ನೆಯನ್ನೇ ಕೊಡೋಣ: 'ಅಡಿಕೆ ಕ್ಯಾನ್ಸರ್‌ಕಾರಕವೇ?' ಈ ತಾಲೂಕುಗಳಲ್ಲಿ ಇದಕ್ಕಿಂತ ಚುಚ್ಚುವ ಪ್ರಶ್ನೆ ಇಲ್ಲ. ಕನ್ನಡದಲ್ಲಿ ಹುಡುಕಿದರೆ ಬೆಳೆಗಾರರ ಪರವಾದ ಹೇಳಿಕೆಗಳು ಸಿಗುತ್ತವೆ. ಅಡಿಕೆಗೆ ಔಷಧೀಯ ಗುಣವಿದೆ, ದೋಷವೆಲ್ಲ ಹೊಗೆಸೊಪ್ಪು ಬೆರೆಸಿದ ಗುಟ್ಕಾದ್ದು ಎಂಬ ವಾದ ಅವುಗಳಲ್ಲಿರುತ್ತದೆ. ಇಂಗ್ಲಿಷಿನಲ್ಲಿ ಹುಡುಕಿದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 85ನೇ ಸಂಪುಟ ಸಿಗುತ್ತದೆ. 2004ರಲ್ಲಿ ಪ್ರಕಟವಾದ ಅದು ಅಡಿಕೆಯನ್ನೇ, ಹೊಗೆಸೊಪ್ಪು ಸೇರದಿದ್ದರೂ, ಒಂದನೇ ಗುಂಪಿಗೆ ಸೇರಿಸಿತು. ಇಲ್ಲಿಯವರೆಗೆ ಬಂದ ವಿದ್ಯಾರ್ಥಿಗೆ ಅರ್ಧ ಅಂಕ. ಮುಂದಿನ ಅರ್ಧ ಸಿಗಬೇಕಾದರೆ ಒಂದನೇ ಗುಂಪು ಎಂದರೇನು ಎಂದು ಅವಳು ಆ ಸಂಸ್ಥೆಯ ಪುಟದಲ್ಲೇ ಓದಬೇಕು. ಕ್ಯಾನ್ಸರ್ ತರುತ್ತದೆ ಎಂಬುದಕ್ಕೆ ಇರುವ ಪುರಾವೆ ಎಷ್ಟು ಗಟ್ಟಿ ಎಂಬುದನ್ನು ಆ ಗುಂಪು ಹೇಳುತ್ತದೆ, ಅಪಾಯ ಎಷ್ಟು ದೊಡ್ಡದು ಎಂಬುದನ್ನಲ್ಲ. ಬಿಸಿಲಿನ ವಿಕಿರಣವೂ ಅದೇ ಗುಂಪಿನಲ್ಲಿದೆ, ತಂಬಾಕೂ ಅದೇ ಗುಂಪಿನಲ್ಲಿದೆ. ಆದ್ದರಿಂದ 'ಅಡಿಕೆ ಸಿಗರೇಟಿನಷ್ಟೇ ಅಪಾಯಕಾರಿ' ಎಂಬ ಶೀರ್ಷಿಕೆಗೂ ಆ ಪಟ್ಟಿ ಆಧಾರವಾಗದು, 'ಇದೆಲ್ಲ ವಿದೇಶಿ ಲಾಬಿ' ಎಂದು ತಳ್ಳಿಹಾಕುವುದಕ್ಕೂ ಎಡೆ ಕೊಡದು.

ಬಂಟ್ವಾಳ ತಾಲೂಕಿನ ವಿಟ್ಲದಲ್ಲೇ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವಿದೆ. ಅಡಿಕೆಯ ತಳಿ, ರೋಗ, ಇಳುವರಿಗಳ ಬಗ್ಗೆ ಅಲ್ಲಿಯವರ ಮಾತಿಗೆ ತೂಕವಿದೆ. ಬಾಯಿಯ ಕ್ಯಾನ್ಸರ್ ವಿಚಾರದಲ್ಲಿ ಆ ತೂಕ ಹಾಗೆಯೇ ನಿಲ್ಲುತ್ತದೆಯೇ, ಅದಕ್ಕೆ ಬೇರೆ ತಜ್ಞರ ಬಳಿಗೆ ಹೋಗಬೇಕೇ ಎಂದು ವಿದ್ಯಾರ್ಥಿ ಕೇಳಿಕೊಳ್ಳಬೇಕು. ಅಪ್ಪನ ಜೀವನೋಪಾಯದ ಬಗ್ಗೆ ಹಿತವಲ್ಲದ ಸತ್ಯವೊಂದನ್ನು ಓದಿ, ಅದನ್ನು ಹಿಗ್ಗಿಸದೆ ಕುಗ್ಗಿಸದೆ ಎರಡು ಪುಟ ಬರೆಯಬಲ್ಲವಳಿಗೆ ಪ್ರಶ್ನಾವಳಿಯ ಯಾವ ಚೌಕವೂ ಬೇಕಾಗಿಲ್ಲ.

ಇತಿಹಾಸದ ತರಗತಿಗೆ ಉಳ್ಳಾಲದ ರಾಣಿ ಅಬ್ಬಕ್ಕ ಇದ್ದಾಳೆ. ಬಂಟ್ವಾಳದಲ್ಲಿ ಅವಳ ಹೆಸರಿನ ತುಳು ಅಧ್ಯಯನ ಕೇಂದ್ರವೂ ವಸ್ತುಸಂಗ್ರಹಾಲಯವೂ ಇವೆ. ವಾಟ್ಸ್ಆ್ಯಪಿನಲ್ಲಿ ಓಡಾಡುವ ಅಬ್ಬಕ್ಕ ಒಬ್ಬಳೇ. 1555ರಲ್ಲಿ ಪೋರ್ಚುಗೀಸರನ್ನು ಎದುರಿಸಿದವಳೂ ಅವಳೇ, ಮುಂದಿನ ಶತಮಾನದವರೆಗೆ ಆಳಿದವಳೂ ಅವಳೇ. ಇಟಲಿಯ ಪ್ರವಾಸಿ ಪಿಯೆತ್ರೊ ಡೆಲ್ಲಾ ವಾಲೆ 1623ರಲ್ಲಿ ಉಳ್ಳಾಲದ ರಾಣಿಯನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಅವಳು ಕಾಲುವೆಯ ಕೆಲಸ ನೋಡಲು ನಡೆದುಕೊಂಡೇ ಹೊರಟಿದ್ದಳು. ನೋಡಿದರೆ ಸುಮಾರು ನಲವತ್ತರ ವಯಸ್ಸು ಎನ್ನುತ್ತಾನೆ. ಅವನ ಪತ್ರಗಳ ಇಂಗ್ಲಿಷ್ ಅನುವಾದವನ್ನು ಹಕ್ಲೂಟ್ ಸೊಸೈಟಿ 1892ರಲ್ಲಿ ಎರಡು ಸಂಪುಟಗಳಲ್ಲಿ ಅಚ್ಚು ಹಾಕಿತು. ಇಂದು ಅದನ್ನು ಫೋನಿನಲ್ಲೇ ಬಿಟ್ಟಿಯಾಗಿ ಓದಬಹುದು. 1623ರಲ್ಲಿ ನಲವತ್ತರವಳು 1555ರಲ್ಲಿ ಹುಟ್ಟಿಯೇ ಇರಲಿಲ್ಲ. ಇಷ್ಟು ಕಂಡುಹಿಡಿಯಲು ಪಿಎಚ್‌ಡಿ ಬೇಡ, ಕಳೆಯುವ ಲೆಕ್ಕ ಬಂದರೆ ಸಾಕು. ಒಬ್ಬರಿಗಿಂತ ಹೆಚ್ಚು ಅಬ್ಬಕ್ಕರಿದ್ದರು ಎಂದು ಇತಿಹಾಸಕಾರರು ಯಾಕೆ ಹೇಳುತ್ತಾರೆ ಎಂಬುದು ಆಗ ವಿದ್ಯಾರ್ಥಿಗೆ ತಾನಾಗಿಯೇ ಹೊಳೆಯುತ್ತದೆ. ಅದೇ ತರಗತಿಯಲ್ಲಿ ಅಬ್ಬಕ್ಕನ ಬಗ್ಗೆ ಹತ್ತು ಆಕರ ಗ್ರಂಥಗಳ ಪಟ್ಟಿ ಕೊಡು ಎಂದು ಎಐಯನ್ನು ಕೇಳಿಸಿ, ಆ ಹತ್ತರಲ್ಲಿ ನಿಜವಾಗಿ ಅಚ್ಚಾದ ಪುಸ್ತಕಗಳು ಯಾವುವು ಎಂದು ಲೈಬ್ರರಿಯಲ್ಲಿ ಹುಡುಕಿಸಿ. ಎಐ ಬಳಸಬೇಡಿ ಎಂಬ ಸುತ್ತೋಲೆಗಿಂತ ಇದು ಹೆಚ್ಚು ಕಲಿಸುತ್ತದೆ.

ಪ್ರತಿಯನ್ನು ನಂಬಬೇಕೋ ಮೂಲವನ್ನು ನೋಡಬೇಕೋ ಎಂಬ ಪಾಠಕ್ಕೆ ಮೂಡುಬಿದಿರೆಯಷ್ಟು ತಕ್ಕ ಊರು ಇನ್ನೊಂದಿಲ್ಲ. ಅಲ್ಲಿನ ಸಿದ್ಧಾಂತ ಬಸದಿಯಲ್ಲಿ, ಜೈನರ ಪ್ರಾಚೀನ ಗ್ರಂಥವಾದ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿಗಳು ಹಳಗನ್ನಡ ಲಿಪಿಯಲ್ಲಿ ಶತಮಾನಗಳ ಕಾಲ ಉಳಿದುಬಂದವು. ಯಾತ್ರಿಕರು ಅವುಗಳ ದರ್ಶನ ಮಾಡಿ ಕೈಮುಗಿದು ಹೋಗುತ್ತಿದ್ದರೇ ವಿನಾ ಓದುತ್ತಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಗೆ ಪ್ರತಿ ಮಾಡುವ ಕೆಲಸ ಶುರುವಾಯಿತು. 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾದಾಗ ಸಂಪಾದಕರ ಎದುರಿಗಿದ್ದದ್ದು ಮೂಲ ಗರಿಗಳಲ್ಲ, ಪ್ರತಿಗಳು. 93ನೇ ಸೂತ್ರದಲ್ಲಿ ಏನೋ ಬಿಟ್ಟುಹೋಗಿದೆ ಎಂಬ ಸಂಶಯ ಅವರಿಗೆ ಬಂತು. ಸ್ತ್ರೀಯರಿಗೆ ಸಂಯಮದ ಮೆಟ್ಟಿಲು ಎಲ್ಲಿಯವರೆಗೆ ಎಂಬ ತತ್ವದ ಪ್ರಶ್ನೆ ಅದಕ್ಕೆ ಅಂಟಿಕೊಂಡಿದ್ದರಿಂದ ದೊಡ್ಡ ವಿವಾದವೇ ಎದ್ದಿತು. ಮೂಡುಬಿದಿರೆಯ ಗರಿಗಳನ್ನು ಹೋಲಿಸಿ ನೋಡಿದಾಗ ಪ್ರತಿಯಲ್ಲಿ ಇಲ್ಲದ ಪದ ಅಲ್ಲಿತ್ತು. ಓರಿಯೆಂಟೇಶನ್ ಹೆಸರಿನಲ್ಲಿ ನಾವು ಇವತ್ತಿಗೂ ಮಾಡಿಸುತ್ತಿರುವುದು ದರ್ಶನ. ಗರಿ ಬಿಚ್ಚಿ ಹೋಲಿಸುವ ಕೆಲಸವನ್ನು ನಾವಿನ್ನೂ ಆರಂಭಿಸಿಲ್ಲ.

ಇದು ಬರೀ ಪಾಂಡಿತ್ಯದ ಮಾತಲ್ಲ ಎಂಬುದನ್ನು ಬೆಳ್ತಂಗಡಿ ತಾಲೂಕು 2025ರ ಮಳೆಗಾಲದಲ್ಲಿ ಕಂಡಿತು. ಧರ್ಮಸ್ಥಳದಲ್ಲಿ ಶವಗಳನ್ನು ಗುಟ್ಟಾಗಿ ಹೂಳಲಾಗಿತ್ತು ಎಂಬ ದೂರಿನ ಪ್ರಕರಣದಲ್ಲಿ ಜುಲೈಯಲ್ಲಿ ವಿಶೇಷ ತನಿಖಾ ತಂಡ ರಚನೆಯಾಯಿತು, ಅಗೆತ ನಡೆಯಿತು, ಆಗಸ್ಟಿನಲ್ಲಿ ದೂರು ಕೊಟ್ಟವನೇ ಬಂಧಿತನಾದ. ಸರಿ ಯಾರದು ತಪ್ಪು ಯಾರದು ಎನ್ನುವುದು ಈ ಲೇಖನದ ವಿಷಯವಲ್ಲ. ಆ ವಾರಗಳಲ್ಲಿ ಈ ಭಾಗದ ಪ್ರತಿ ವಿದ್ಯಾರ್ಥಿಯ ಫೋನಿಗೂ ದಿನಕ್ಕೆ ಹತ್ತಾರು ವಿಡಿಯೊ ಬಂದು ಬಿದ್ದವು. ಎಐ ದೃಶ್ಯಗಳು ಬೆರೆತವೂ ಅವುಗಳಲ್ಲಿದ್ದವು. ದೂರು ಬೇರೆ, ಎಫ್ಐಆರ್ ಬೇರೆ, ನ್ಯಾಯಾಧೀಶರೆದುರು ಕೊಟ್ಟ ಹೇಳಿಕೆ ಬೇರೆ, ಪ್ರಯೋಗಾಲಯದ ವರದಿ ಬೇರೆ, ನ್ಯಾಯಾಲಯದ ತೀರ್ಪು ಬೇರೆ. ಯಾವ ಕಾಗದ ಏನನ್ನು ಹೇಳಬಲ್ಲದು, ಏನನ್ನು ಹೇಳಲಾರದು ಎಂಬ ವಿವೇಚನೆಯನ್ನು ಎಷ್ಟು ತರಗತಿಗಳು ಕೈಗೆತ್ತಿಕೊಂಡವು? 'ಸೂಕ್ಷ್ಮ ವಿಷಯ, ನಮಗ್ಯಾಕೆ' ಎಂದು ತರಗತಿ ಸುಮ್ಮನಾದಾಗ ಪಾಠ ನಿಲ್ಲುವುದಿಲ್ಲ, ಅದನ್ನು ಯೂಟ್ಯೂಬ್ ಮುಂದುವರಿಸುತ್ತದೆ.

ನಂಬಬಹುದಾದದ್ದನ್ನೂ ನಂಬಲಾಗದ್ದನ್ನೂ ಬೇರ್ಪಡಿಸಿ ನೋಡುವ ವಿಧಾನವೂ ಕಷ್ಟದ್ದಲ್ಲ. ಸ್ಟ್ಯಾನ್‌ಫರ್ಡಿನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ಮಂದಿ ಇತಿಹಾಸಕಾರರು, ಹತ್ತು ಮಂದಿ ವೃತ್ತಿಪರ ಸತ್ಯಶೋಧಕರು, ಇಪ್ಪತ್ತೈದು ಮಂದಿ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳಿದ್ದರು. ಮಕ್ಕಳ ವೈದ್ಯರ ಎರಡು ಸಂಘಗಳ ಜಾಲತಾಣಗಳನ್ನು ಅವರಿಗೆ ತೋರಿಸಿದರು. ಒಂದು ಹತ್ತಾರು ಸಾವಿರ ಸದಸ್ಯರ ಹಳೆಯ ಸಂಘ, ಇನ್ನೊಂದು ಅದರಿಂದ ಸಿಡಿದುಹೋದ ಸಣ್ಣ ಗುಂಪು. ಹೆಚ್ಚಿನ ವಿದ್ಯಾರ್ಥಿಗಳು ಸಣ್ಣ ಗುಂಪಿನ ಪುಟವನ್ನೇ ಹೆಚ್ಚು ನಂಬಿದರು, ಇತಿಹಾಸಕಾರರಲ್ಲೂ ಹಲವರು ತಡವರಿಸಿದರು, ಸತ್ಯಶೋಧಕರಲ್ಲಿ ಒಬ್ಬರೂ ತಪ್ಪಲಿಲ್ಲ. ಸತ್ಯಶೋಧಕರು ಆ ಪುಟವನ್ನು ಗಮನವಿಟ್ಟು ಓದುತ್ತ ಕೂರಲಿಲ್ಲ. ಕೂಡಲೇ ಹೊರಬಂದು ಬೇರೆ ಟ್ಯಾಬ್‌ಗಳಲ್ಲಿ ಆ ಸಂಘದ ಬಗ್ಗೆ ಉಳಿದವರು ಏನೆನ್ನುತ್ತಾರೆ ಎಂದು ನೋಡಿದರು. ನಮ್ಮ ಲೈಬ್ರರಿಗಳಲ್ಲಿ ಇದಕ್ಕೆ ಬೇಕಾದ ಸಲಕರಣೆ ಪತ್ರಿಕೆಗಳ ಸ್ಟ್ಯಾಂಡಿನಲ್ಲೇ ಇದೆ. ಉದಯವಾಣಿ, ಪ್ರಜಾವಾಣಿ, ಹೊಸದಿಗಂತ, ವಾರ್ತಾಭಾರತಿಗಳಲ್ಲಿ ಒಂದೇ ಘಟನೆ ಒಂದೇ ದಿನ ಹೇಗೆ ಬಂದಿದೆ, ಯಾರ ಮಾತು ಎಲ್ಲಿ ಬಿಟ್ಟುಹೋಗಿದೆ ಎಂದು ಪಕ್ಕಪಕ್ಕ ಇಟ್ಟು ಓದಬಲ್ಲ ಕನ್ನಡದ ವಿದ್ಯಾರ್ಥಿಗೆ ಇಂಗ್ಲಿಷ್ ಡೇಟಾಬೇಸ್ ಬರುವವರೆಗೆ ಕಾಯಬೇಕಾಗಿಲ್ಲ.

ಆಶಾದಾಯಕ ಉದಾಹರಣೆಯೂ ಇಲ್ಲೇ ಇದೆ. ಮೂಡುಬಿದಿರೆಯ ಆಳ್ವಾಸ್, ಉಜಿರೆಯ ಎಸ್‌ಡಿಎಂ ಕಾಲೇಜುಗಳಲ್ಲಿ ವಿದ್ಯಾರ್ಥಿಗಳ ವಿಕಿಪೀಡಿಯ ಬಳಗಗಳು ಕಟ್ಟಿಕೊಂಡಿವೆ. 2016ರ ಆಗಸ್ಟಿನಲ್ಲಿ ತುಳು ವಿಕಿಪೀಡಿಯ ಆರಂಭವಾಯಿತು. ತಾನು ಬರೆದ ವಾಕ್ಯಕ್ಕೆ ಅಪರಿಚಿತನೊಬ್ಬ 'ಉಲ್ಲೇಖ ಬೇಕು' ಎಂದು ಗುರುತು ಹಾಕಿದಾಗ, ಅದಕ್ಕೆ ಆಧಾರ ಒದಗಿಸಲು ಒಬ್ಬ ವಿದ್ಯಾರ್ಥಿ ಪುಸ್ತಕ ಹುಡುಕಿಕೊಂಡು ಲೈಬ್ರರಿಗೆ ಹೋದರೆ, ಓರಿಯೆಂಟೇಶನ್ ಮಾಡಲಾಗದ್ದನ್ನು ಆ ಗುರುತು ಮಾಡಿದಂತಾಯಿತು.

ಇದಕ್ಕೆ ಆಕ್ಷೇಪಗಳಿವೆ, ಹುರುಳಿರುವ ಆಕ್ಷೇಪಗಳೇ. ತರಗತಿಯಲ್ಲಿ ಎಂಬತ್ತು ಮಕ್ಕಳು, ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡುವ ಅನೇಕರು ಅತಿಥಿ ಉಪನ್ಯಾಸಕರು, ಲೈಬ್ರರಿಗೆ ಒಬ್ಬರೇ ದಿಕ್ಕು. ಎಲ್ಲರ ಹುಡುಕಾಟವನ್ನೂ ಕೂತು ನೋಡುವವರು ಯಾರು? ಎಲ್ಲರದ್ದೂ ನೋಡಬೇಕಾಗಿಲ್ಲ. ಸಮೀಕ್ಷೆಗೆ ಮುನ್ನೂರು ಟಿಕ್ ಹಾಕಿಸುವ ಬದಲು ಮೂವತ್ತು ಮಂದಿಗೆ ಒಂದು ನಿಜವಾದ ಹೇಳಿಕೆ ಕೊಟ್ಟು, ಅರ್ಧ ಗಂಟೆ ಬಿಟ್ಟು, ಅವರು ಯಾವ ಯಾವ ಪುಟಕ್ಕೆ ಹೋದರು, ಎಲ್ಲಿ ನಿಂತರು, ಯಾಕೆ ನಂಬಿದರು ಎಂದು ಬರೆಸಿಕೊಂಡರೆ ಅದು ಹೆಚ್ಚು ಗಟ್ಟಿಯಾದ ಸಮೀಕ್ಷೆ. ವಿಶ್ವವಿದ್ಯಾನಿಲಯದ ಪರೀಕ್ಷೆ ನೋಟ್ಸ್ ಬೇಡುತ್ತದೆ ಎಂಬುದೂ ನಿಜ. ಆದರೆ ಆಂತರಿಕ ಅಂಕ ಕಾಲೇಜಿನ ಕೈಯಲ್ಲೇ ಇದೆ. ಸೆಮಿಸ್ಟರಿಗೆ ಒಂದೇ ಒಂದು ಅಸೈನ್‌ಮೆಂಟನ್ನು ಪಾಠ ಮಾಡುವವರೂ ಲೈಬ್ರೇರಿಯನ್ನರೂ ಒಟ್ಟಿಗೆ ಕೂತು ರೂಪಿಸಲಿ. ಒಂದೇ ಆಕರದಿಂದ ಉತ್ತರಿಸಲಾಗದಂಥ, ಆಕರಗಳು ಪರಸ್ಪರ ಒಪ್ಪದಂಥ ಪ್ರಶ್ನೆ ಅದಾಗಿರಲಿ. ಅರ್ಧ ಅಂಕ ಉತ್ತರಕ್ಕೆ, ಅರ್ಧ ಅಂಕ ಉತ್ತರ ತಲುಪಿದ ದಾರಿಗೆ. ಸ್ಪೈರಲ್ ಬೈಂಡಿಂಗಿಗೆ ಸೊನ್ನೆ.

ಈ ಕೆಲಸವನ್ನು ಲೈಬ್ರೇರಿಯನ್ನರ ತಲೆಗೆ ಮಾತ್ರ ಕಟ್ಟಿರುವುದರಿಂದಲೇ ಅದು ಇಷ್ಟು ವರ್ಷ ಸವಕಲಾಗಿ ನಡೆದಿದೆ. ಅವರ ಬಳಿ ಪುಸ್ತಕಗಳಿವೆ, ಅಂಕಗಳಿಲ್ಲ; ಅಂಕ ಕೊಡುವವರು ಹಳೆಯ ಅಸೈನ್‌ಮೆಂಟ್ ವಿಷಯಗಳನ್ನೇ ವರ್ಷವರ್ಷ ತಿರುಗಿಸುತ್ತಿದ್ದಾರೆ. ವಿದ್ಯಾರ್ಥಿಗಳ ಮಾಹಿತಿ ಸಾಕ್ಷರತೆಯನ್ನು ಅಳೆಯಲು ಹೊರಡುವ ಮುಂದಿನ ಸಂಶೋಧಕರು ಒಂದು ಕೆಲಸ ಮಾಡಲಿ. ಮೂರೂ ತಾಲೂಕುಗಳ ಕಾಲೇಜುಗಳಲ್ಲಿ ಹಿಂದಿನ ಮೂರು ವರ್ಷ ಕೊಟ್ಟ ಅಸೈನ್‌ಮೆಂಟ್ ಪ್ರಶ್ನೆಗಳನ್ನು ಒಟ್ಟು ಹಾಕಿ, ಅವುಗಳಲ್ಲಿ ಎಷ್ಟಕ್ಕೆ ಗೂಗಲ್‌ನ ಮೊದಲ ಪುಟ ಸಾಕಾಗುವುದಿಲ್ಲ ಎಂದು ಎಣಿಸಲಿ. ವಿದ್ಯಾರ್ಥಿಗಳಿಗೆ ಪ್ರಶ್ನಾವಳಿ ಹಂಚುವ ವಿಚಾರ ಆಮೇಲೆ.